ಶಾಸನ, ಉಪಗ್ರಹ ಮತ್ತು ಗಡಿ: ಜತ್ತ ತಾಲೂಕಿನಿಂದ ಬಾಹ್ಯಾಕಾಶ ಮಸೂದೆಯ ಒಂದು ಓದು

(ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯ ಸಂವಾದವನ್ನು ಸಂಕ್ಷೇಪಿಸಲಾಗಿದೆ.)



ಕನ್ನಡ ಎಂ.ಎ. ಓದುವವರಿಗೆ ಬಾಹ್ಯಾಕಾಶ ಕಾನೂನಿನ ಉಸಾಬರಿ ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ವಿಷಯ ಕೊಟ್ಟಾಗ ನನ್ನ ಗೆಳೆಯರೂ ಇದನ್ನೇ ಕೇಳಿದರು. ನಾನು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವಭಾಗದ ಒಂದು ಹಳ್ಳಿಯಿಂದ ಬಂದವನು. ಹತ್ತನೇ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವನು. ದಿಲ್ಲಿಯಲ್ಲಿ ಬಾಕಿ ಇರುವ ಒಂದು ಕಾನೂನು ಗಡಿಭಾಗದ ಕನ್ನಡ ಶಾಲೆಯ ವಿಜ್ಞಾನ ಪಾಠಕ್ಕೆ ಹೇಗೆ ತಾಗುತ್ತದೆ ಎಂಬುದು ಇಲ್ಲಿಯ ಪ್ರಶ್ನೆ. ನನ್ನ ವಾದವನ್ನು ಮೊದಲೇ ಹೇಳಿಬಿಡ್ತೀನಿ. ಆಕಾಶವನ್ನು ಶಿಕ್ಷಣಕ್ಕೆ ಬಳಸಿದಾಗಲೆಲ್ಲ ಅದರ ಲಾಭ ಯಾರಿಗೆ ಸಿಕ್ಕಿತು ಎಂಬುದನ್ನು ತೀರ್ಮಾನಿಸಿದ್ದು ಭಾಷೆ ಮತ್ತು ಆಡಳಿತದ ಗೆರೆ. ಈಗ ಬರಲಿರುವ ಕಾನೂನು ಈ ಎರಡರ ಬಗ್ಗೆಯೂ ಮೌನವಾಗಿದ್ದರೆ ಹಳೆಯ ಕೊರತೆಯೇ ಮುಂದುವರಿಯುತ್ತದೆ.

1. ಬಾಕಿ ಇರುವ ಮಸೂದೆ

ಬಾಹ್ಯಾಕಾಶದ ವಿಷಯದಲ್ಲಿ ಭಾರತ 1967ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಬದ್ಧವಾಗಿದೆ. ಆ ಒಪ್ಪಂದದ ಪ್ರಕಾರ ಒಂದು ದೇಶದ ಖಾಸಗಿ ಸಂಸ್ಥೆ ಬಾಹ್ಯಾಕಾಶದಲ್ಲಿ ಏನೇ ಮಾಡಿದರೂ ಅದಕ್ಕೆ ಆ ದೇಶದ ಸರ್ಕಾರವೇ ಹೊಣೆ. ಅನುಮತಿ ಕೊಡುವುದು, ನಿಗಾ ಇಡುವುದು ಸರ್ಕಾರದ ಕೆಲಸ. 1972ರ ಹೊಣೆಗಾರಿಕೆ ಒಪ್ಪಂದ ಇನ್ನೂ ಮುಂದೆ ಹೋಗುತ್ತದೆ. ಉಡಾಯಿಸಿದ ವಸ್ತು ಭೂಮಿಯ ಮೇಲೆ ಬಿದ್ದು ಹಾನಿಯಾದರೆ, ಯಾರ ತಪ್ಪು ಎಂಬ ಪ್ರಶ್ನೆಯನ್ನೇ ಎತ್ತದೆ ಉಡಾವಣೆ ಮಾಡಿದ ದೇಶ ಪರಿಹಾರ ಕೊಡಬೇಕು. ಇಸ್ರೊ ಒಂದೇ ಇದ್ದ ಕಾಲದಲ್ಲಿ ಇದಕ್ಕೆ ಪ್ರತ್ಯೇಕ ಕಾನೂನಿಲ್ಲದೆಯೂ ನಡೆಯಿತು. ಖಾಸಗಿಯವರು ಬರತೊಡಗಿದ ಮೇಲೆ ನಡೆಯಲಿಲ್ಲ.

2017ರ ನವೆಂಬರ್‌ನಲ್ಲಿ ಬಾಹ್ಯಾಕಾಶ ಇಲಾಖೆ ‘ಬಾಹ್ಯಾಕಾಶ ಚಟುವಟಿಕೆಗಳ ಮಸೂದೆ’ಯ ಕರಡನ್ನು ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಕೇಳಿತು. ಅದರಲ್ಲಿ ಮುಖ್ಯವಾಗಿ ನಾಲ್ಕು ಸಂಗತಿಗಳಿದ್ದವು. ವಾಣಿಜ್ಯ ಚಟುವಟಿಕೆಗೆ ಕೇಂದ್ರದ ಪರವಾನಗಿ ಬೇಕು. ಬಾಹ್ಯಾಕಾಶ ವಸ್ತುಗಳ ನೋಂದಣಿ ಆಗಬೇಕು. ಹಾನಿಯಾಗಿ ಸರ್ಕಾರ ಪರಿಹಾರ ಕೊಡಬೇಕಾಗಿ ಬಂದರೆ ಪರವಾನಗಿ ಪಡೆದವರು ಅದನ್ನು ತುಂಬಿಕೊಡಬೇಕು. ಪರವಾನಗಿ ಇಲ್ಲದೆ ಮಾಡಿದರೆ ಜೈಲು ಮತ್ತು ಕೋಟಿ ರೂಪಾಯಿ ಮಟ್ಟದ ದಂಡ. ಆಮೇಲೆ ಬಹಳಷ್ಟು ಬದಲಾಯಿತು. 2020ರಲ್ಲಿ ಖಾಸಗಿಯವರಿಗೆ ಅನುಮತಿ ಕೊಡಲು ‘ಇನ್-ಸ್ಪೇಸ್’ ಎಂಬ ಸಂಸ್ಥೆ ಬಂತು. 2022ರ ನವೆಂಬರ್ 18ರಂದು ಖಾಸಗಿ ಕಂಪನಿಯೊಂದರ ರಾಕೆಟ್ ‘ವಿಕ್ರಮ್-ಎಸ್’ ಹಾರಿತು. 2023ರ ಏಪ್ರಿಲ್‌ನಲ್ಲಿ ಸಚಿವ ಸಂಪುಟ ‘ಭಾರತೀಯ ಬಾಹ್ಯಾಕಾಶ ನೀತಿ’ಗೆ ಒಪ್ಪಿಗೆ ಕೊಟ್ಟಿತು. 2024ರಲ್ಲಿ ವಿದೇಶಿ ಬಂಡವಾಳದ ನಿಯಮ ಸಡಿಲವಾಯಿತು. ಆದರೆ ನೀತಿ ಬೇರೆ, ಕಾನೂನು ಬೇರೆ. ಮಸೂದೆ ಮಾತ್ರ ಈವರೆಗೆ ಸಂಸತ್ತಿನಲ್ಲಿ ಮಂಡನೆಯಾಗಿಲ್ಲ.

ಇದು ವಿಜ್ಞಾನ ಶಿಕ್ಷಣಕ್ಕೆ ಎಲ್ಲಿ ತಾಗುತ್ತದೆ? 2010ರ ಜುಲೈ 12ರಂದು ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕೆ.ಜಿ.ಗೂ ಕಡಿಮೆ ತೂಕದ ‘ಸ್ಟುಡ್‌ಸ್ಯಾಟ್’ ಕಕ್ಷೆ ಸೇರಿತು. 2016ರ ಜೂನ್ 22ರಂದು ಪುಣೆಯ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ‘ಸ್ವಯಂ’ ಹೋಯಿತು. 2022ರ ಆಗಸ್ಟ್‌ನಲ್ಲಿ ದೇಶದ 75 ಸರ್ಕಾರಿ ಶಾಲೆಗಳ 750 ಹುಡುಗಿಯರು ಕೈಹಚ್ಚಿದ ‘ಆಜಾದಿಸ್ಯಾಟ್’ ರಾಕೆಟ್ಟಿನ ತೊಂದರೆಯಿಂದ ಕಕ್ಷೆ ಮುಟ್ಟಲಿಲ್ಲ. 2023ರ ಫೆಬ್ರುವರಿ 10ರಂದು ಅದರ ಎರಡನೆಯದು ಮುಟ್ಟಿತು. 2017ರ ಕರಡಿನಲ್ಲಿ ‘ಬಾಹ್ಯಾಕಾಶ ಚಟುವಟಿಕೆ’ಯ ವ್ಯಾಖ್ಯೆ ಬಹಳ ಅಗಲವಾಗಿತ್ತು. ಕಂಪನಿಯ ಉಪಗ್ರಹ ಮತ್ತು ಕಾಲೇಜಿನ ಉಪಗ್ರಹ ಎರಡಕ್ಕೂ ಒಂದೇ ತೂಕದ ಹೊಣೆ ಹೊರಿಸಿದರೆ ಕಾಲೇಜಿನವರು ಅದನ್ನು ಎತ್ತಲಾರರು. ಇದು ಮೊದಲ ತಾಗುವಿಕೆ.

ಎರಡನೆಯದು ಇನ್ನೂ ಮುಖ್ಯ. 2023ರ ನೀತಿ ತನ್ನ ಗುರಿಗಳಲ್ಲಿ ಜನರ ಅರಿವನ್ನು ಮತ್ತು ವೈಜ್ಞಾನಿಕ ಕುತೂಹಲವನ್ನು ಹೆಚ್ಚಿಸುವುದನ್ನೂ ಸೇರಿಸಿಕೊಂಡಿದೆ. ಒಳ್ಳೆಯದು. ಆದರೆ ಯಾವ ಜನ, ಯಾವ ಭಾಷೆಯಲ್ಲಿ? ಇದೇ ಕಾಲದಲ್ಲಿ ಶಿಕ್ಷಣ, ಸಂಶೋಧನೆಯ ಕಾನೂನುಗಳೂ ಬದಲಾಗುತ್ತಿವೆ. 2023ರ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಾಯ್ದೆ ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಯ ಮಾತಾಡಿತು. ಯುಜಿಸಿ, ಎಐಸಿಟಿಇ, ಎನ್‌ಸಿಟಿಇ ಮೂರರ ಬದಲಿಗೆ ಒಂದೇ ವ್ಯವಸ್ಥೆ ತರುವ ಮಸೂದೆ 2025ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದು ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಆಕಾಶದ ಕಾನೂನು ಒಂದು ಮೇಜಿನ ಮೇಲೆ, ಶಿಕ್ಷಕರ ತರಬೇತಿಯ ಕಾನೂನು ಇನ್ನೊಂದು ಮೇಜಿನ ಮೇಲೆ. ಎರಡೂ ಬಂದು ಸೇರುವುದು ಮಾತ್ರ ಒಂದೇ ತರಗತಿಯಲ್ಲಿ.

2. ‘ಶಾಸನ’ ಎಂಬ ನಮ್ಮ ಪದ

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಒಂದು ಹಿಡಿ ಸಿಗುವುದು ‘ಶಾಸನ’ ಎಂಬ ಪದದಲ್ಲಿ. ಕಲ್ಲಿನ ಮೇಲೆ ಕೊರೆದದ್ದಕ್ಕೂ ಶಾಸನ ಅಂತೀವಿ, ಸಭೆಯಲ್ಲಿ ಮಾಡುವುದಕ್ಕೂ ಶಾಸನ ಅಂತೀವಿ. ಹಳೆಯ ಶಾಸನಗಳನ್ನು ಓದಿದವರಿಗೆ ಗೊತ್ತು: ಅನೇಕ ಕಡೆ ರಾಜನ ಹೊಗಳಿಕೆ ಸಂಸ್ಕೃತದಲ್ಲಿರುತ್ತದೆ, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ, ಯಾರು ಏನು ಕೊಡಬೇಕು ಎಂಬ ಭಾಗ ಬಂದಾಗ ಭಾಷೆ ಕನ್ನಡಕ್ಕೆ ತಿರುಗುತ್ತದೆ. ಕೊಡಬೇಕಾದವನಿಗೆ ತಿಳಿಯದಿದ್ದರೆ ದತ್ತಿ ನಡೆಯುವುದಿಲ್ಲ, ಅಷ್ಟೇ ಕಾರಣ.

ನಮ್ಮ ಉಮದಿಯಿಂದ ಹೆಚ್ಚು ದೂರವಿಲ್ಲದ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಒಂದು ಕಂಬದ ಶಾಸನವಿದೆ. ಕ್ರಿ.ಶ. 945, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಭೂಮಿ ಬಿಟ್ಟದ್ದು, ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ಇರಲು ಮನೆ ಕೊಟ್ಟದ್ದು, ದೀಪದ ಖರ್ಚಿಗೆ ಬೇರೆ ಭೂಮಿ ಇಟ್ಟದ್ದು ಅದರಲ್ಲಿದೆ. ದೀಪದ ಎಣ್ಣೆಯನ್ನೂ ಲೆಕ್ಕ ಹಾಕಿದ ಶಾಸನ ಅದು. ಅದು ಸಂಸ್ಕೃತದಲ್ಲಿದೆ, ಅದೇ ಕಂಬದ ಮೇಲೆ ಆಮೇಲಿನ ಕಾಲದ ಕನ್ನಡ ಬರಹವೂ ಇದೆ.

ಇನ್ನೊಂದು ಉದಾಹರಣೆ ಮಹಾರಾಷ್ಟ್ರದ ಚಾಳೀಸಗಾಂವ ಹತ್ತಿರದ ಪಾಟಣ ಶಾಸನ, 1207ರದ್ದು. ಗಣಿತಜ್ಞ ಭಾಸ್ಕರಾಚಾರ್ಯರ ಮೊಮ್ಮಗ ಚಾಂಗದೇವ ತನ್ನ ಅಜ್ಜನ ‘ಸಿದ್ಧಾಂತ ಶಿರೋಮಣಿ’ ಮತ್ತು ಆ ಮನೆತನದ ಗ್ರಂಥಗಳನ್ನು ಪಾಠ ಹೇಳಲು ಒಂದು ಮಠ ಕಟ್ಟಿಸಿದ; ಅಲ್ಲಿಯ ಅರಸರು ಅದಕ್ಕೆ ದತ್ತಿ ಕೊಟ್ಟರು. ಅಂದರೆ ಇದು ಖಗೋಳ ವಿಜ್ಞಾನದ ಶಿಕ್ಷಣಕ್ಕಾಗಿಯೇ ಹೊರಟ ಶಾಸನ. ವಂಶಾವಳಿ, ಹೊಗಳಿಕೆ ಎಲ್ಲ ಸಂಸ್ಕೃತ. ಊರಿನ ವ್ಯಾಪಾರ, ಗಾಣಗಳಿಂದ ಮಠಕ್ಕೆ ಸಲ್ಲಬೇಕಾದ ಪಾಲು ಹೇಳುವ ಕೊನೆಯ ಸಾಲುಗಳು ಮಾತ್ರ ಹಳೆಯ ಮರಾಠಿಯಲ್ಲಿವೆ. ಭಾಸ್ಕರಾಚಾರ್ಯರ ಊರು ವಿಜಯಪುರದ ಕಡೆಯದೋ ಸಹ್ಯಾದ್ರಿಯ ಕಡೆಯದೋ ಎಂಬ ಜಗಳ ಎರಡೂ ರಾಜ್ಯಗಳಲ್ಲಿದೆ. ನನಗೆ ಆ ಜಗಳಕ್ಕಿಂತ ಈ ಕೊನೆಯ ಸಾಲುಗಳ ಭಾಷೆ ಮುಖ್ಯ ಅನಿಸುತ್ತದೆ. ಆಕಾಶದ ವಿದ್ಯೆಗೆ ಊರವರು ಎಣ್ಣೆ ಕೊಡಬೇಕೆಂದರೆ ಊರವರ ಭಾಷೆಯಲ್ಲಿ ಹೇಳಬೇಕು ಎಂಬ ತಿಳಿವಳಿಕೆ 1207ರಲ್ಲೇ ಇತ್ತು.

ಒಂದು ತಕರಾರನ್ನು ಇಲ್ಲೇ ಒಪ್ಪಿಕೊಳ್ಳಬೇಕು. ಊರವರ ಭಾಷೆಯಲ್ಲಿ ಬಂದದ್ದು ಅವರು ಕೊಡಬೇಕಾದದ್ದು ಮಾತ್ರ, ವಿದ್ಯೆ ಸಂಸ್ಕೃತದಲ್ಲೇ ಉಳಿಯಿತಲ್ಲ ಅಂತ ಕೇಳಬಹುದು. ನಿಜ. ವಿದ್ಯೆಯೂ ಜನರ ಭಾಷೆಗೆ ಬರಬೇಕು ಎಂಬ ಹಟ ಹಿಡಿದವರು ಬೇರೆಯವರು. ಕನ್ನಡದಲ್ಲಿ 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ ಅವರು ‘ವಿಜ್ಞಾನ’ ಪತ್ರಿಕೆ ತಂದರು. ಶಿವರಾಮ ಕಾರಂತರು ಒಬ್ಬರೇ ಕೂತು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ ಸಂಪುಟಗಳನ್ನು ಮಾಡಿದರು. 1978ರಿಂದ ‘ಬಾಲವಿಜ್ಞಾನ’ ಮಾಸಿಕ ಬಂತು. ಇವೆಲ್ಲ ನಮ್ಮ ಹೆಮ್ಮೆ. ಆದರೆ ಇವುಗಳಲ್ಲಿ ಹೊಸ ಕಾಲದವು ಹುಟ್ಟಿದ್ದು ಬೆಂಗಳೂರು, ಮೈಸೂರು, ಪುತ್ತೂರಿನ ಕಡೆ. ಜತ್ತದ ಕಡೆಯ ಹಳ್ಳಿಗೆ ಕನ್ನಡ ವಿಜ್ಞಾನ ಬರುವ ದಾರಿ ಬೇರೆಯೇ ಇತ್ತು.

3. 1975: ಪಕ್ಕದ ಜಿಲ್ಲೆಗೆ ಇಳಿದ ಆಕಾಶ

ಕನ್ನಡ ನಾಡಿನ ಬಾಹ್ಯಾಕಾಶ ಚರಿತ್ರೆ ಹೇಳುವಾಗ 1975ರ ಏಪ್ರಿಲ್ 19 ಎಲ್ಲರ ಬಾಯಲ್ಲಿರುತ್ತದೆ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ‘ಆರ್ಯಭಟ’ ಸೋವಿಯತ್ ರಾಕೆಟ್ಟಿನಿಂದ ಹಾರಿದ ದಿನ. ಅದೇ ವರ್ಷ ಆಗಸ್ಟ್ 1ರಂದು ಶುರುವಾದ ಇನ್ನೊಂದು ಪ್ರಯೋಗ ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ್ದು. ಅದರ ಹೆಸರು ‘ಸೈಟ್’, ಉಪಗ್ರಹದ ಮೂಲಕ ಬೋಧನೆಯ ದೂರದರ್ಶನ ಪ್ರಯೋಗ.

ವಿಕ್ರಮ್ ಸಾರಾಭಾಯಿ ಕಂಡ ಕನಸು ಇದು. 1969ರ ಸೆಪ್ಟೆಂಬರ್‌ನಲ್ಲಿ ಭಾರತದ ಅಣುಶಕ್ತಿ ಇಲಾಖೆ ಮತ್ತು ಅಮೆರಿಕದ ನಾಸಾ ನಡುವೆ ಒಪ್ಪಂದವಾಯಿತು. 1971ರ ಡಿಸೆಂಬರ್‌ನಲ್ಲಿ ಸಾರಾಭಾಯಿ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. ಅಹಮದಾಬಾದಿನಲ್ಲಿ ಯಶ್ ಪಾಲ್, ಇ.ವಿ. ಚಿಟ್ನಿಸ್ ಮುಂತಾದವರು ಅದನ್ನು ಮುಂದಕ್ಕೆ ಒಯ್ದರು. ನಾಸಾದ ‘ಎಟಿಎಸ್-6’ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕಾಣುವಂತೆ ಸರಿಸಿ ನಿಲ್ಲಿಸಿದರು. ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಟಿವಿ ಪೆಟ್ಟಿಗೆ ಇಟ್ಟರು. ಸುಮಾರು ಮೂರು ಮೀಟರ್ ಅಗಲದ, ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯ ಕೊಡೆ ಅದರ ಆಂಟೆನಾ. ಬೆಳಗ್ಗೆ ಒಂದೂವರೆ ಗಂಟೆ ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಅದೇ ವರ್ಷ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ಇದೇ ವ್ಯವಸ್ಥೆಯ ಮೂಲಕ ವಿಜ್ಞಾನ ಬೋಧನೆಯ ತರಬೇತಿ ಕೊಟ್ಟರು.

ಕರ್ನಾಟಕದಲ್ಲಿ ಇದಕ್ಕೆ ಆರಿಸಿದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಅಂದರೆ ಬೆಂಗಳೂರು ನಗರಕ್ಕೆ ದೂರದರ್ಶನ ಕೇಂದ್ರ ಬರುವ ಮುಂಚೆಯೇ ಬಿಜಾಪುರ ಜಿಲ್ಲೆಯ ಹಳ್ಳಿಯ ಮಕ್ಕಳು ನೇರ ಉಪಗ್ರಹದಿಂದ ಕನ್ನಡದಲ್ಲಿ ಪಾಠ ನೋಡಿದರು! ಪ್ರಯೋಗ ಮುಗಿದ ಮೇಲೂ, 1977ರಲ್ಲಿ ರಾಜ್ಯದ ಮೊದಲ ಟಿವಿ ಪ್ರಸಾರಕ ಬಂದದ್ದು ಗುಲ್ಬರ್ಗಾಕ್ಕೆ.

ಇದರ ತಾಂತ್ರಿಕ ವಿವರದಲ್ಲಿ ಎರಡು ಸಂಗತಿ ನನ್ನ ವಾದಕ್ಕೆ ಬೇಕು. ಮೊದಲನೆಯದು, ಕನ್ನಡದ ಕಾರ್ಯಕ್ರಮ ತಯಾರಾಗುತ್ತಿದ್ದುದು ಕರ್ನಾಟಕದಲ್ಲಲ್ಲ, ಹೈದರಾಬಾದಿನಲ್ಲಿ. ಹೈದರಾಬಾದಿನಲ್ಲಿ ತಯಾರಾಗಿ, ಅಹಮದಾಬಾದಿನ ಭೂಕೇಂದ್ರದಿಂದ ಮೇಲೇರಿ, ಅಮೆರಿಕದ ಉಪಗ್ರಹಕ್ಕೆ ತಾಗಿ, ಬಿಜಾಪುರದ ಹಳ್ಳಿಗೆ ಇಳಿಯುತ್ತಿತ್ತು ಆ ಕನ್ನಡ. ಕನ್ನಡದ ಜ್ಞಾನ ಕರ್ನಾಟಕದಿಂದಲೇ ಬರಬೇಕೆಂಬ ನಿಯಮವಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಎರಡನೆಯದು, ಆ ವ್ಯವಸ್ಥೆ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಒಟ್ಟಿಗೆ ಕಳಿಸಬಲ್ಲದಾಗಿತ್ತು. ಒಂದೇ ಚಿತ್ರ, ಎರಡು ಭಾಷೆ. ಎರಡು ಭಾಷೆಯ ಗಡಿಗೆ ಹೇಳಿಮಾಡಿಸಿದಂಥ ಏರ್ಪಾಡು. 50 ವರ್ಷದ ಹಿಂದೆಯೇ ಅದು ಸಾಧ್ಯವಿತ್ತು.

4. ಗೆರೆಯ ಈಚೆ

ಈಗ ನಕ್ಷೆ ನೋಡ್ರಿ. ಬಿಜಾಪುರ ಜಿಲ್ಲೆಯ ಪಶ್ಚಿಮದ ಗೆರೆ ದಾಟಿದರೆ ಜತ್ತ. ಉಮದಿ, ಸಂಖ, ಗುಡ್ಡಾಪುರದಂಥ ಊರುಗಳಲ್ಲಿ ಮನೆಮಾತು ಕನ್ನಡ. ಉಮದಿಗೆ ಸಾಂಗಲಿಗಿಂತ ವಿಜಯಪುರ ಹತ್ತಿರ. ಉಪಗ್ರಹದ ಸಂಕೇತ ಜತ್ತದ ನೆತ್ತಿಯ ಮೇಲೂ ಬೀಳುತ್ತಿತ್ತು, ಏಕೆಂದರೆ ಸಂಕೇತಕ್ಕೆ ತಾಲೂಕಿನ ಹದ್ದು ತಿಳಿಯುವುದಿಲ್ಲ. ಆದರೆ ಪ್ರಯೋಗದ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ ಇರಲಿಲ್ಲ. ಹೀಗಾಗಿ ಪೆಟ್ಟಿಗೆ ಬರಲಿಲ್ಲ. ಪಾಠ ನಮ್ಮ ಭಾಷೆಯಲ್ಲೇ ಇತ್ತು, ನಮ್ಮ ಆಕಾಶದಲ್ಲೇ ಇತ್ತು; ನಮಗಾಗಿ ಇರಲಿಲ್ಲ.

ಈ ಗೆರೆ ಎಷ್ಟು ಹೊಸದು ಎಂಬುದನ್ನೂ ನೆನಪಿಡಬೇಕು. ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಅವರ ಏಳಿಗೆ ಆದಿಲಶಾಹಿಯ ಕಾಲದ್ದು. ಬ್ರಿಟಿಷರು ಈ ಸಂಸ್ಥಾನದ ಮೇಲ್ವಿಚಾರಣೆಯನ್ನು ‘ಬಿಜಾಪುರ ಏಜೆನ್ಸಿ’ಗೆ ಕೊಟ್ಟಿದ್ದರು. 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಮುಂಬಯಿಯಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರವಾಯಿತು. ಬಿಜಾಪುರದಿಂದ ನೋಡಿಕೊಳ್ಳುತ್ತಿದ್ದ ಊರು ಸೈಟ್ ಬರುವುದಕ್ಕೆ 19 ವರ್ಷ ಮೊದಲು ಬಿಜಾಪುರದಿಂದ ಬೇರೆ ರಾಜ್ಯವಾಗಿತ್ತು. 1967ರ ಮಹಾಜನ ವರದಿ, ಸುಪ್ರೀಂ ಕೋರ್ಟಿನ ದಾವೆ, 2022ರಲ್ಲಿ ನೀರಿನ ನೆಪದಲ್ಲಿ ಮತ್ತೆ ಎದ್ದ ಮಾತು ಇವೆಲ್ಲ ನಿಮಗೆ ಗೊತ್ತಿರುವುದೇ. ಅದರೊಳಗೆ ನಾನು ಹೋಗುವುದಿಲ್ಲ.

ಮಹಾರಾಷ್ಟ್ರ ನಮಗೆ ಕನ್ನಡ ಕಲಿಸಲೇ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. 1967ರಲ್ಲಿ ಪುಣೆಯಲ್ಲಿ ಶುರುವಾದ ಪಠ್ಯಪುಸ್ತಕ ಮಂಡಳಿ ‘ಬಾಲಭಾರತಿ’ ಕನ್ನಡ ಮಾಧ್ಯಮಕ್ಕೂ ಪುಸ್ತಕ ಅಚ್ಚು ಹಾಕುತ್ತದೆ. 2018ರಲ್ಲಿ ಬಂದ ಹತ್ತನೇ ತರಗತಿಯ ವಿಜ್ಞಾನ ಮತ್ತು ತಂತ್ರಜ್ಞಾನದ ಮೊದಲ ಭಾಗ ಶುರುವಾಗುವುದು ಗುರುತ್ವಾಕರ್ಷಣೆಯಿಂದ, ಮುಗಿಯುವುದು ಬಾಹ್ಯಾಕಾಶ ಯಾನಗಳಿಂದ. ಕೆಪ್ಲರನ ನಿಯಮಗಳು, ಭೂಮಿಯ ಹಿಡಿತ ಬಿಡಿಸಿಕೊಳ್ಳಲು ಬೇಕಾದ ಸೆಕೆಂಡಿಗೆ 11.2 ಕಿ.ಮೀ. ವೇಗ, ಉಪಗ್ರಹದ ಬಗೆಗಳು ಎಲ್ಲ ಕನ್ನಡದಲ್ಲಿ. ನಾನು ಓದಿದ್ದೂ ಅದನ್ನೇ. ಹೈದರಾಬಾದಿನಿಂದ ಬಂದ ಸೈಟ್ ಕನ್ನಡದ ಹಾಗೆ ಇದು ಪುಣೆಯಿಂದ ಬಂದ ಕನ್ನಡ. ಪುಸ್ತಕ ಇದೆ, ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರ ಕೊರತೆ. 2024ರಲ್ಲಿ ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ಪತ್ರಿಕೆಗಳಲ್ಲಿ ಬಂತು. ನಮಗೆ ಅದು ಹೊಸ ಸುದ್ದಿಯೇನೂ ಆಗಿರಲಿಲ್ಲ.

5. ಅವಕಾಶ, ಅಂತರಾಳ, ಮಸೂದೆ

ನಮಗೆ ವಿಜ್ಞಾನ ಹೇಳಿದ ಸರ್ ಮರಾಠಿಯಲ್ಲಿ ಓದಿದವರು. ಒಳ್ಳೆಯ ಮನುಷ್ಯ, ಕಷ್ಟಪಟ್ಟು ಕನ್ನಡ ಮಾತಾಡುತ್ತಿದ್ದರು. ಕೊನೆಯ ಪಾಠಕ್ಕೆ ಬಂದಾಗ ಅವರು ‘ಅವಕಾಶ’ ಅಂದರು. ಮರಾಠಿಯಲ್ಲಿ ಅವಕಾಶ ಅಂದರೆ ಬಾಹ್ಯಾಕಾಶ. ಕನ್ನಡದಲ್ಲಿ ಅವಕಾಶ ಅಂದರೆ ಏನು ಅಂತ ನಿಮಗೆ ಗೊತ್ತು. ‘ಭಾರತಕ್ಕೆ ಅವಕಾಶದಲ್ಲಿ ದೊಡ್ಡ ಹೆಸರಿದೆ’ ಅಂದರೆ ನಾವು ತಲೆ ಆಡಿಸಿದೆವು, ತಿಳಿದದ್ದು ಬೇರೆ. ಮರಾಠಿಯ ಇನ್ನೊಂದು ಪದ ‘ಅಂತರಾಳ’. ಅದೂ ಅಲ್ಲಿ ಬಾಹ್ಯಾಕಾಶವೇ. ಕನ್ನಡದಲ್ಲಿ ಅಂತರಾಳ ಮನಸ್ಸಿನ ಒಳಗಿನದು. ಒಂದೇ ಪದ ಗಡಿ ದಾಟಿದರೆ ಹೊರಗಿನದು ಒಳಗಾಗುತ್ತದೆ. ನಮ್ಮ ‘ಅವಕಾಶ’ಕ್ಕೆ ಮರಾಠಿಯಲ್ಲಿ ‘ಸಂಧಿ’. ನಮಗೆ ಸಂಧಿ ವ್ಯಾಕರಣದ ಪಾಠ.

ನಗು ಬರುತ್ತದೆ, ಬರಲಿ. ಆದರೆ ಪರೀಕ್ಷೆಯಲ್ಲಿ ಮಗು ಇದನ್ನು ಒಬ್ಬಂಟಿಯಾಗಿ ಬಿಡಿಸಿಕೊಳ್ಳಬೇಕು. ಉಪಗ್ರಹ, ಗುರುತ್ವಾಕರ್ಷಣದಂಥ ಪದಗಳು ಎರಡೂ ಭಾಷೆಯಲ್ಲಿ ಒಂದೇ, ತೊಂದರೆಯಿಲ್ಲ. ತೊಂದರೆ ಇರುವುದು ಒಂದೇ ಥರ ಕಂಡು ಬೇರೆ ಅರ್ಥ ಕೊಡುವ ಪದಗಳಲ್ಲಿ. ತಿಳಿಯದ ಪದವನ್ನು ಮಗು ಕೇಳುತ್ತದೆ. ತಿಳಿದಿದೆ ಅನಿಸಿದ ಪದವನ್ನು ಕೇಳುವುದೇ ಇಲ್ಲ.

ಇನ್ನು ಕಾನೂನಿನ ಪದಗಳನ್ನು ನೋಡೋಣ. ಪರವಾನಗಿ, ನೋಂದಣಿ, ಜವಾಬ್ದಾರಿ, ಕಾಯ್ದೆ, ದಂಡ. ಮಸೂದೆಯ ನಾಲ್ಕು ಮುಖ್ಯ ಸಂಗತಿಗಳಿಗೂ ಜತ್ತದಲ್ಲಿ ಪದ ಇದೆ, ಮರಾಠಿ ಕನ್ನಡ ಎರಡರಲ್ಲೂ ಹೆಚ್ಚೂಕಡಿಮೆ ಒಂದೇ ಇದೆ. ಇವುಗಳಲ್ಲಿ ಹೆಚ್ಚಿನವು ಫಾರಸಿ, ಅರಬ್ಬಿ ಮೂಲದ ಕಚೇರಿ ಪದಗಳು. ಆದಿಲಶಾಹಿ, ಪೇಶ್ವಾಯಿ, ಸಂಸ್ಥಾನ, ಮುಂಬಯಿ ಸರ್ಕಾರ ಹೀಗೆ ಆಳಿಕೆಯ ಜೊತೆಗೆ ಬಂದವು. ಆಳುವವರು ತಮಗೆ ಬೇಕಾದ ಪದಗಳನ್ನು ಹಳ್ಳಿಯವರೆಗೂ ಮುಟ್ಟಿಸಿದ್ದಾರೆ. ವಿಜ್ಞಾನದ ಪದಗಳು ಬರಬೇಕಾದದ್ದು ಶಾಲೆಯ ಜೊತೆ. ಆ ದಾರಿ ಮಾತ್ರ ಸಣಕಲು. ಬಾಹ್ಯಾಕಾಶ ಕಾನೂನಿನ ‘ಬಾಹ್ಯಾಕಾಶ’ ನಮಗೆ ಗೊಂದಲ, ‘ಕಾನೂನು’ ಸಲೀಸು. ಈ ಓದಿನಲ್ಲಿ ನನಗೆ ಕಂಡ ಮುಖ್ಯ ಸಂಗತಿ ಇದೇ.

ಒಂದು ಪದ ಉಳಿಯಿತು. ಕನ್ನಡದಲ್ಲಿ ‘ಮಸೂದೆ’ ಅಂದರೆ ಸದನದ ಮುಂದೆ ಬರುವ ವಿಧೇಯಕ. ಮರಾಠಿಯಲ್ಲಿ ‘ಮಸುದಾ’ ಅಂದರೆ ಬರೀ ಕರಡು. 2017ರಿಂದ ಕಾದು ಕೂತಿರುವ ಈ ದಾಖಲೆ ಸದ್ಯಕ್ಕೆ ಮರಾಠಿ ಅರ್ಥದಲ್ಲೇ ಇದೆ, ಕನ್ನಡ ಅರ್ಥಕ್ಕೆ ಇನ್ನೂ ಬಂದಿಲ್ಲ. ಅದಕ್ಕೇ ಇದು ಮಾತಾಡುವ ಹೊತ್ತು. ಕಾಯ್ದೆಯಾದ ಮೇಲೆ ತಿದ್ದುವುದು ಕಷ್ಟ.

6. ಏನನ್ನು ಕೇಳಬಹುದು

ಸಂವಿಧಾನದಲ್ಲಿ ಆಧಾರ ಇಲ್ಲದೆ ಇಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಸಾಕಷ್ಟು ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ. 1976ರ 42ನೆಯ ತಿದ್ದುಪಡಿಯಿಂದ ಬಂದ 51ಎ ವಿಧಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ನಾಗರಿಕರ ಕರ್ತವ್ಯಗಳಲ್ಲಿ ಸೇರಿಸಿದೆ. ಒಂದು ಹಕ್ಕಿನ ಕಡೆಯದು, ಒಂದು ಕರ್ತವ್ಯದ ಕಡೆಯದು. ವೈಜ್ಞಾನಿಕ ಮನೋಭಾವ ನಿನ್ನ ಕರ್ತವ್ಯ ಅಂತ ಮಗುವಿಗೆ ಹೇಳಿ, ವಿಜ್ಞಾನವನ್ನು ಅದರ ಭಾಷೆಯಲ್ಲಿ ಹೇಳದಿದ್ದರೆ ಹೇಗೆ?

ಕರಡಿನ ಭಾಷೆಯ ಬಗ್ಗೆಯೂ ದಾರಿ ಇದೆ. 348ನೇ ವಿಧಿಯ ಪ್ರಕಾರ ಮಸೂದೆಯ ಅಧಿಕೃತ ಪಠ್ಯ ಇಂಗ್ಲಿಷಿನದು. 1973ರ ಒಂದು ಕಾಯ್ದೆ ಕೇಂದ್ರ ಕಾನೂನುಗಳ ಅಧಿಕೃತ ಅನುವಾದಗಳಿಗೆ ಪ್ರಾದೇಶಿಕ ಭಾಷೆಗಳಲ್ಲಿ ಅವಕಾಶ ಕೊಟ್ಟಿದೆ. ಆದರೆ ಅದು ಕಾನೂನಾದ ಮೇಲಿನ ಮಾತು. ಮೊದಲೇ ಕೇಳಿದ್ದಕ್ಕೆ 2020ರ ಪೂರ್ವನಿದರ್ಶನವಿದೆ. ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ ಬಂದಾಗ ದಿಲ್ಲಿ ಹೈಕೋರ್ಟ್ ಅದನ್ನು ಎಂಟನೇ ಅನುಸೂಚಿಯ ಎಲ್ಲ 22 ಭಾಷೆಗಳಲ್ಲಿ ಪ್ರಕಟಿಸಲು ಹೇಳಿತು. ಕನ್ನಡದಲ್ಲಿ ಪ್ರಚಾರವಾಗಿಲ್ಲ ಎಂಬ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ಕೊಟ್ಟಿತು. ಕರಡನ್ನು ನಮ್ಮ ಭಾಷೆಯಲ್ಲಿ ಕೇಳುವುದು ಅತಿಯಾಸೆಯಲ್ಲ ಅನ್ನುವುದಕ್ಕೆ ಇದು ಸಾಕು.

ಹಾಗಾಗಿ ಮೂರು ಸಲಹೆ. ಒಂದು, ಹೊಸ ಕರಡು ಬಂದಾಗ ಅಭಿಪ್ರಾಯ ಕೇಳುವ ಹಂತದಲ್ಲೇ ಕನ್ನಡ ಸೇರಿ ಎಲ್ಲ ಅನುಸೂಚಿತ ಭಾಷೆಗಳಲ್ಲಿ ಅದು ಸಿಗಬೇಕು. ಎರಡು, ಶಾಲೆ ಕಾಲೇಜುಗಳ ಕಲಿಕೆಯ ಉಪಗ್ರಹಗಳಿಗೆ ಪ್ರತ್ಯೇಕವಾದ, ಹಗುರ ಹೊಣೆಯ ಪರವಾನಗಿ ಇರಬೇಕು. ಮೂರು, ಶಿಕ್ಷಣಕ್ಕೆ ಉಪಗ್ರಹ ಬಳಸುವಾಗ ಫಲಾನುಭವಿಗಳನ್ನು ರಾಜ್ಯದ ಗೆರೆಯಿಂದ ಮಾತ್ರ ಗುರುತಿಸದೆ ಭಾಷೆಯಿಂದಲೂ ಗುರುತಿಸಬೇಕು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ‘ಎಜುಸ್ಯಾಟ್’ ಹಾರಿದಾಗ ಕರ್ನಾಟಕದಲ್ಲಿ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಕನ್ನಡ ಪಾಠ ಹೋಯಿತು. ಯೋಜನೆ ಮತ್ತೆ ರಾಜ್ಯದ ಗೆರೆಯೊಳಗೇ. 1975ರ ತಪ್ಪು 2004ರಲ್ಲೂ ತಿದ್ದಲಿಲ್ಲ. ಈಗ ತಿದ್ದಲು ಕಾನೂನೇ ಬರೆಯುವ ಹೊತ್ತಿದೆ.

ಕನ್ನಡ ವಿಭಾಗದವರಾದ ನಮ್ಮ ಪಾಲಿನ ಕೆಲಸ ಒಂದಿದೆ. ಗಡಿಭಾಗದ ಮಕ್ಕಳಿಗಾಗಿ ಅವಕಾಶ, ಅಂತರಾಳದಂಥ ಪದಗಳ ಒಂದು ಸಣ್ಣ ಕನ್ನಡ-ಮರಾಠಿ ವಿಜ್ಞಾನ ಪದಕೋಶ. ಇದಕ್ಕೆ ಮಸೂದೆ ಪಾಸಾಗುವವರೆಗೆ ಕಾಯಬೇಕಾಗಿಲ್ಲ.

ಸಂವಾದ

ಪ್ರಶ್ನೆ (ಅಧ್ಯಾಪಕರೊಬ್ಬರು): ಶಾಲಾ ಶಿಕ್ಷಣ ರಾಜ್ಯದ ಇಲಾಖೆಯ ಕೆಲಸ. ಅದನ್ನು ಬಾಹ್ಯಾಕಾಶದ ಕಾನೂನಿಗೆ ಗಂಟು ಹಾಕುವುದು ಸರಿಯೇ?

ಉತ್ತರ: ಸರ್, 1976ರಿಂದ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ, ಕೇಂದ್ರಕ್ಕೂ ಪಾಲಿದೆ. ಪಠ್ಯಕ್ರಮವನ್ನು ಬಾಹ್ಯಾಕಾಶ ಕಾನೂನು ಬರೆಯಲಿ ಅಂತ ನಾನು ಹೇಳುತ್ತಿಲ್ಲ. ಉಪಗ್ರಹದ ಮೂಲಕ ಪಾಠ ಕಳಿಸುವುದು ಬಾಹ್ಯಾಕಾಶ ಚಟುವಟಿಕೆಯೇ. ಅದರ ಉದ್ದೇಶಗಳಲ್ಲಿ ಒಂದು ಸಾಲು, ಪರವಾನಗಿಯಲ್ಲಿ ಒಂದು ವರ್ಗ, ಇಷ್ಟು ಸಾಕು.

ಪ್ರಶ್ನೆ (ಸಹಪಾಠಿ): ಈಗ ನಿಮ್ಮ ಕಡೆಯ ತಂದೆ ತಾಯಿಗಳೇ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕ್ತಿದ್ದಾರಲ್ಲ? ಕನ್ನಡ ವಿಜ್ಞಾನ ಯಾರಿಗೆ?

ಉತ್ತರ: ಹಾಕ್ತಿದ್ದಾರೆ, ಸುಳ್ಳು ಹೇಳಲ್ಲ. ಹಾಕೋದಕ್ಕೆ ಆಗದವರು ಕನ್ನಡ ಶಾಲೆಯಲ್ಲಿ ಉಳಿದಿದ್ದಾರೆ. ಬೇರೆ ದಾರಿ ಇಲ್ಲದವರ ಶಾಲೆಗೇ ಪಾಠ ತಲುಪದಿದ್ದರೆ ಅದು ಭಾಷೆಯ ಪ್ರಶ್ನೆಗಿಂತ ದೊಡ್ಡದು.

ಪ್ರಶ್ನೆ (ಅಧ್ಯಕ್ಷರು): ಕೊನೆಗೆ ಇದು ಗಡಿ ವಿವಾದದ ವಾದವೇ ಆಗುತ್ತದೆಯಲ್ಲವೇ?

ಉತ್ತರ: ಇಲ್ಲ ಮೇಡಂ, ಅದರ ಉಲ್ಟಾ. ಗಡಿಯ ವಿವಾದ ನ್ಯಾಯಾಲಯದಲ್ಲಿದೆ, ಅಲ್ಲೇ ಇರಲಿ. ಗೆರೆ ಇದ್ದಲ್ಲೇ ಇದ್ದರೂ ಪಾಠ ದಾಟಬಹುದು ಅನ್ನುವುದಷ್ಟೇ ನನ್ನ ಮಾತು. ಇದೇ ನ್ಯಾಯ ಬೆಳಗಾವಿ, ನಿಪ್ಪಾಣಿಯ ಮರಾಠಿ ಶಾಲೆಯ ಮಗುವಿಗೂ ಸಲ್ಲಬೇಕು. ಒಂದು ಚಿತ್ರಕ್ಕೆ ಎರಡು ಧ್ವನಿ ಕಳಿಸೋದು 1975ರಲ್ಲೇ ಗೊತ್ತಿತ್ತು.